ಜೂನ್ 1ರ ಮಕ್ಕಳು

ನನ್ನ ಸೇವಾ ಪುಸ್ತಕದ ಪ್ರಕಾರ ನಾನು ಹುಟ್ಟಿದ್ದು 1957ರ ಜೂನ್ 1ರಂದು. ನಮ್ಮವ್ವನ ಲೆಕ್ಕವೇ ಬೇರೆ. ಕಣದಲ್ಲಿ ರಾಗಿ ಮೆದೆ ಒಟ್ಟಿ ಮುಗಿಸಿದ ರಾತ್ರಿ ನೋವು ಕಾಣಿಸಿತು, ಕೋಳಿ ಕೂಗುವ ಹೊತ್ತಿಗೆ ನೀನು ಹುಟ್ಟಿದೆ ಅನ್ನುತ್ತಿದ್ದಳು. ನಮ್ಮ ಶಿರಾ ಸೀಮೆಯಲ್ಲಿ ಜೂನ್‌ನಲ್ಲಿ ಯಾರೂ ಮೆದೆ ಒಟ್ಟುವುದಿಲ್ಲ, ಅದು ಹೊಲ ಹಸನು ಮಾಡುವ ಕಾಲ. ಅಂದಮೇಲೆ ನಾನು ಹುಟ್ಟಿದ್ದು ಕಾರ್ತಿಕದಲ್ಲೋ ಮಾರ್ಗಶಿರದಲ್ಲೋ ಇರಬೇಕು. ಯಾವ ವರ್ಷ ಎಂಬುದು ಅವ್ವನಿಗೂ ನೆನಪಿರಲಿಲ್ಲ. ಆದರೂ 2017ರ ಮೇ 31ರಂದು ನನಗೆ ಹಾರ ಹಾಕಿ ಕಳಿಸಿಕೊಟ್ಟರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರದ ನಿಯಮ. ಅದೇ ಸಂಜೆ ತಾಲ್ಲೂಕಿನ ಬೇರೆ ಬೇರೆ ಶಾಲೆಗಳಲ್ಲಿ ನನ್ನ ಓರಗೆಯ ಎಷ್ಟೋ ಮೇಷ್ಟ್ರುಗಳಿಗೂ ಹಾರ ಬಿತ್ತು. ನಾವೆಲ್ಲ ಜೂನ್ 1ರ ಮಕ್ಕಳು.

34 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಊರವರ ಬಾಯಲ್ಲಿ ನಾನು ಡ್ರಿಲ್ ಮೇಷ್ಟ್ರು. ಮಕ್ಕಳಿಗೆ ಕಬಡ್ಡಿ, ಖೋಖೋ, ಓಟ ಕಲಿಸಿದ್ದು ಎಷ್ಟೋ, ಅವರ ಅರ್ಹತಾ ಪತ್ರ ತುಂಬಿದ್ದೂ ಅಷ್ಟೇ. ಮಗುವಿನ ಹೆಸರು, ತಂದೆಯ ಹೆಸರು, ದಾಖಲಾತಿ ಸಂಖ್ಯೆ, ತರಗತಿ, ಹುಟ್ಟಿದ ದಿನಾಂಕ, ಎಡಗೆನ್ನೆಯ ಮೇಲೆ ಮಚ್ಚೆ ಎಂಬಂಥ ಗುರುತಿನ ಚಿಹ್ನೆ, ಅಂಟಿಸಿದ ಫೋಟೋ, ಅದರ ಅಂಚಿಗೆ ತಾಗುವಂತೆ ಹೆಡ್‌ಮಾಸ್ಟರ ಸಹಿ ಮತ್ತು ಶಾಲೆಯ ಸೀಲು. ಯಾರು ಅಂಕಣಕ್ಕೆ ಇಳಿಯಬಹುದು, ಯಾರು ಗೆರೆಯಾಚೆ ನಿಲ್ಲಬೇಕು ಎಂದು ತೀರ್ಮಾನಿಸುವ ಹಾಳೆ ಅದು. ಅದರಲ್ಲಿ ಹುಟ್ಟಿದ ದಿನಾಂಕದ ಸಾಲು ನಮ್ಮ ಹಳ್ಳಿಗಳಲ್ಲಿ ಹೇಗೆ ತುಂಬುತ್ತಾ ಬಂತು ಎಂಬುದೇ ಒಂದು ಚರಿತ್ರೆ.

1963ರಲ್ಲಿ ಅಪ್ಪ ನನ್ನನ್ನು ಶಾಲೆಗೆ ಕರೆದುಕೊಂಡು ಹೋದಾಗ ಮೇಷ್ಟ್ರು ಕೇಳಿದ್ದು ಒಂದೇ: ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು. ಚಿಕ್ಕ ಮಕ್ಕಳಿಗೆ ತಲೆ ದಪ್ಪ, ತೋಳು ಮೋಟು. ಆರು ಏಳರ ಹೊತ್ತಿಗೆ ತೋಳು ನೀಳವಾಗಿ ಬೆರಳು ಕಿವಿಗೆ ಎಟುಕುತ್ತದೆ. ನನ್ನ ಬೆರಳು ಎಟುಕಿತು. ಮೇಷ್ಟ್ರು ಶಾಲೆ ತೆರೆಯುವ ಜೂನ್ 1ರಿಂದ ಆರು ವರ್ಷ ಹಿಂದಕ್ಕೆ ಎಣಿಸಿ ದಾಖಲಾತಿ ಪುಸ್ತಕದಲ್ಲಿ ಬರೆದರು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಮಕ್ಕಳಿಗೂ ಅದೇ ದಿನಾಂಕವನ್ನೇ ಬರೆದರು. ಅವರನ್ನು ನಾನು ದೂರುವುದಿಲ್ಲ. ಜನನ ನೋಂದಣಿಗೆ 1886ರಲ್ಲೇ ಬ್ರಿಟಿಷರು ಕಾಯ್ದೆ ತಂದಿದ್ದರೂ ಅದು ಬೇಕಾದವರು ಬರೆಸಿಕೊಳ್ಳಬಹುದಾದ ಕಾಯ್ದೆ. ಹಳ್ಳಿಯಲ್ಲಿ ಬರೆಯುವ ಕೈ ಪಟೇಲ ಶಾನುಭೋಗರದು. ವಂಶಪಾರಂಪರ್ಯವಾದ ಆ ಹುದ್ದೆಗಳು 1963ರ ಫೆಬ್ರವರಿಯಲ್ಲಿ ರದ್ದಾದವು, ಅವರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಜನನ ಮರಣ ನೋಂದಣಿ ದೇಶಕ್ಕೆಲ್ಲ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಅದು ಬಂದ ಮೇಲೂ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಮಕ್ಕಳ ಜನ್ಮದಿನ ಬಹುಕಾಲ ಮೇಷ್ಟ್ರ ಲೇಖನಿಯಲ್ಲೇ ಉಳಿಯಿತು.

ಮೇಷ್ಟ್ರು ಬರೆದ ಆ ದಿನಾಂಕ ಅಲ್ಲಿಗೇ ನಿಲ್ಲುವುದಿಲ್ಲ. ಅದು ವರ್ಗಾವಣೆ ಪತ್ರಕ್ಕೆ ಹೋಗುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ, ಕೆಲಸಕ್ಕೂ ಪಿಂಚಣಿಗೂ ಅದೇ ಆಧಾರ. ಇದನ್ನು ಅರಿತ ತಂದೆತಾಯಿ ಅದರಲ್ಲಿ ಕೈಯಾಡಿಸಲು ಕಲಿತರು. ನಾಳೆ ನೌಕರಿ ಸಿಕ್ಕರೆ ಎರಡು ವರ್ಷ ಹೆಚ್ಚು ದುಡಿಯಲಿ ಎಂದು ಕೆಲವರು ವಯಸ್ಸು ಇಳಿಸಿ ಬರೆಸಿದರು. ಅಕ್ಕನ ಜೊತೆಗೇ ಶಾಲೆಗೆ ಹೋಗಲಿ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಕೆಲವರು ಏರಿಸಿ ಬರೆಸಿದರು. ಒಂದೇ ಪುಸ್ತಕದಲ್ಲಿ ಎರಡು ಬಗೆಯ ಸುಳ್ಳೂ ಅಕ್ಕಪಕ್ಕದಲ್ಲೇ ಕೂತಿದ್ದವು.

ಆಟದ ಕಡೆಯ ಕಥೆ ಇನ್ನೊಂದು ದಾರಿಯಿಂದ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ಡ್ರಿಲ್ ಮೇಷ್ಟ್ರು ಎಂಬ ವೃತ್ತಿಗೆ ನಮ್ಮ ನಾಡಿನಲ್ಲಿ ಓದು, ತರಬೇತಿ, ಗೌರವ ಬಂದದ್ದು ಆಮೇಲೆ. ಆ ಕಾಲೇಜಿನ ನಂದನಂ ಮೈದಾನದಲ್ಲೇ ನಾನೂ 1981ರಲ್ಲಿ ಕಲಿತೆ. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ಭಾರತ ಶಾಲಾ ಕ್ರೀಡಾ ಫೆಡರೇಷನ್ ಹುಟ್ಟಿತು. 1960ರಲ್ಲಿ ವಾಯುಪಡೆಯ ಏರ್ ಮಾರ್ಷಲ್ ಸುಬ್ರೊತೊ ಮುಖರ್ಜಿ ಅವರ ಹೆಸರಿನ ಫುಟ್‌ಬಾಲ್ ಕಪ್ ಶಾಲೆಗಳ ನಡುವೆ ಆರಂಭವಾಯಿತು. ಹೋಬಳಿಯಲ್ಲಿ ಗೆದ್ದ ಮಗು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ದಾಟಿ ದೆಹಲಿಯವರೆಗೆ ಹೋಗಬಹುದಾದ ಏಣಿ ಸಿದ್ಧವಾಯಿತು. ಏಣಿ ಎತ್ತರವಾದಷ್ಟೂ ಕೆಳಗಿನ ಮೆಟ್ಟಿಲಲ್ಲಿ ನೂಕಾಟ ಹೆಚ್ಚಿತು. ಹಾಗಾಗಿ ನಿಯಮಗಳು ಬಿಗಿಯಾದವು: ಮಗು ಆ ಶಾಲೆಯಲ್ಲೇ ಓದುತ್ತಿರಬೇಕು, ಹೊರಗಿನವರನ್ನು ತಂದು ಆಡಿಸಬಾರದು, ಮತ್ತು ವಯಸ್ಸು ಮೀರಿರಬಾರದು. ಈಗಿನ ವಿಭಾಗಗಳು 14, 17 ಮತ್ತು 19ರ ಒಳಗಿನವು. ವಯಸ್ಸನ್ನು ಎಣಿಸುವುದು ಆ ವರ್ಷದ ಡಿಸೆಂಬರ್ 31ಕ್ಕೆ.

ಈ ನಿಯಮ ಏಕೆ ಬೇಕು ಎಂದು ನನಗೆ ಪಾಠ ಮಾಡಿದ್ದು ಕಾಲೇಜಲ್ಲ, 1991ರ ಒಂದು ಮಧ್ಯಾಹ್ನ. ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿ ಒಬ್ಬ ಹುಡುಗನಿದ್ದ. ಎರಡು ಸಲ ನಾಪಾಸಾಗಿ, ನಡುವೆ ಒಂದಷ್ಟು ವರ್ಷ ಕುರಿ ಕಾಯಲು ಹೋಗಿ, ಮತ್ತೆ ಶಾಲೆಗೆ ಬಂದವನು. ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದ. ದಾಖಲಾತಿ ಪುಸ್ತಕದ ಪ್ರಕಾರ ಅವನು ಅರ್ಹ. ಪುಸ್ತಕ ಸುಳ್ಳು ಎಂದು ನನಗೆ ಗೊತ್ತಿತ್ತು, ಅವನ ತಮ್ಮನೂ ನನ್ನ ವಿದ್ಯಾರ್ಥಿಯಾಗಿದ್ದವನು ಆ ವೇಳೆಗೆ ಲಾರಿ ಓಡಿಸುತ್ತಿದ್ದ. ಆದರೂ ಫಾರಂ ತುಂಬಿ ಸಹಿ ಮಾಡಿದೆ. ಶಾಲೆಗೆ ಒಂದು ಕಪ್ ಬರಲಿ, ಈ ಹುಡುಗನ ಬದುಕಿಗೊಂದು ಸರ್ಟಿಫಿಕೇಟ್ ಆಗಲಿ ಎಂಬುದು ನನ್ನ ಸಮಾಧಾನ. ತಾಲ್ಲೂಕು ಮಟ್ಟದಲ್ಲಿ ಎದುರಿಗೆ ಬಂದದ್ದು ಒಂದು ಸಣ್ಣ ಊರಿನ ಶಾಲೆ. ಅವರ ರೈಡರ್ ಸಣಕಲು ಹುಡುಗ, ಮೀನಿನಂತೆ ನುಣುಚುತ್ತಿದ್ದ. ಬೋನಸ್ ಗೆರೆಯ ಬಳಿ ನಮ್ಮವನು ಅವನನ್ನು ತಬ್ಬಿ ಎತ್ತಿ ಕೆಳಗೆ ಹಾಕಿದ. ನಿಯಮದೊಳಗಿನ ಹಿಡಿತವೇ, ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಹುಡುಗನ ಕೊರಳೆಲುಬು ಮುರಿಯಿತು. ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ದಾರಿಯುದ್ದಕ್ಕೂ ಅವನು ಅಳಲಿಲ್ಲ, ಪಾಯಿಂಟು ನಮಗೆ ಕೊಟ್ಟರಾ ಸಾರ್ ಎಂದು ಕೇಳುತ್ತಲೇ ಇದ್ದ. ಮುಂದಿನ ವರ್ಷ ಅವರ ತಂಡದಲ್ಲಿ ಅವನನ್ನು ಹುಡುಕಿದೆ. ಮನೆಯವರು ಆಟಕ್ಕೆ ಕಳಿಸುತ್ತಿಲ್ಲ ಎಂದು ಗೊತ್ತಾಯಿತು. ಆ ಕಪ್ಪನ್ನು ನಾನು ಮತ್ತೆ ಎಂದೂ ಕೈಯಲ್ಲಿ ಹಿಡಿಯಲಿಲ್ಲ.

ಕಾಗದವನ್ನು ನಂಬಲಾಗದಿದ್ದರೆ ಮೈಯನ್ನಾದರೂ ಅಳೆಯೋಣ ಎಂದು ಆಮೇಲೆ ನನ್ನ ಕಾಲೇಜಿನ ಹಳೆಯ ಟಿಪ್ಪಣಿ ತೆರೆದೆ. ಅಮೆರಿಕದ ಮೆಕ್‌ಲಾಯ್ ಎಂಬ ತಜ್ಞರು ಮಾಡಿದ ಒಂದು ವರ್ಗೀಕರಣ ಸೂಚ್ಯಂಕವಿದೆ. ವಯಸ್ಸನ್ನು 20ರಿಂದ, ಅಂಗುಲದಲ್ಲಿ ಎತ್ತರವನ್ನು 6ರಿಂದ ಗುಣಿಸಿ, ಪೌಂಡಿನಲ್ಲಿ ತೂಕ ಸೇರಿಸಬೇಕು. 14 ವರ್ಷದ, 60 ಅಂಗುಲದ, 90 ಪೌಂಡಿನ ಹುಡುಗನಿಗೆ 280, 360, 90 ಕೂಡಿ 730 ಬರುತ್ತದೆ. ಅಂಕ ಹತ್ತಿರವಿರುವವರನ್ನು ಎದುರುಬದುರು ಆಡಿಸಿದರೆ ಆಟ ಸಮಬಲ. ನಮ್ಮ ಶಾಲೆಯೊಳಗೆ ತಂಡ ಮಾಡಲು ನಿವೃತ್ತನಾಗುವವರೆಗೂ ಇದನ್ನೇ ಬಳಸಿದೆ, ಒಳ್ಳೆಯದೇ ಆಯಿತು. ಆದರೆ ಈ ಲೆಕ್ಕದ ಮೊದಲ ಅಂಕಿಯೂ ವಯಸ್ಸೇ. ಮತ್ತೆ ಅದೇ ದಾಖಲಾತಿ ಪುಸ್ತಕದ ಬಾಗಿಲಿಗೆ ಬಂದು ನಿಂತೆ.

ಆ ಪುಸ್ತಕದ ಇನ್ನೊಂದು ಬಗೆಯ ಸುಳ್ಳು ಒಬ್ಬ ಹುಡುಗಿಯನ್ನು ಹೊಡೆಯಿತು. 1998ರ ಮಾತು. 400 ಮೀಟರ್ ಓಟದಲ್ಲಿ ಅವಳ ಹೆಜ್ಜೆಗೆ ಜಿಲ್ಲೆಯಲ್ಲಿ ಸಮನಿರಲಿಲ್ಲ. ಅವಳೂ ಜೂನ್ 1ರ ಮಗುವೇ, ಅಕ್ಕನ ಜೊತೆ ಶಾಲೆಗೆ ಸೇರಿಸಲು ವಯಸ್ಸು ಏರಿಸಿ ಬರೆಸಿದ್ದರು. ಕಾಗದದಲ್ಲಿ 17 ದಾಟಿತ್ತು, ನಿಜದಲ್ಲಿ 16. ಅವರವ್ವ ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದ ಚುಚ್ಚುಮದ್ದಿನ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೈದಾನಕ್ಕೆ ಬಂದಿದ್ದಳು. ಮೇಜಿನ ಹಿಂದೆ ಕೂತಿದ್ದವರು ದಾಖಲಾತಿ ಪುಸ್ತಕದ ನಕಲು ತೋರಿಸಿ ಸಾಧ್ಯವಿಲ್ಲ ಎಂದರು. ಅವರು ನಿಯಮದಂತೆಯೇ ನಡೆದರು. ಏಣಿಯಿಂದ ಅವಳು ಇಳಿದದ್ದು ಹನ್ನೊಂದು ವರ್ಷ ಹಿಂದೆ ಯಾರೋ ಸಲೀಸಾಗಿ ಬರೆದ ಒಂದು ಅಂಕಿಯಿಂದ.

ಕಾಗದಕ್ಕೂ ಮೈಗೂ ಜಗಳ ಬಂದಾಗ ಲೋಕ ಎಲುಬನ್ನು ಸಾಕ್ಷಿಗೆ ಕರೆಯಿತು. ಬೆಳೆಯುವ ಮಗುವಿನ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಎಲುಬಿನ ತುದಿಗೂ ಕಾಂಡಕ್ಕೂ ನಡುವೆ ಕಪ್ಪು ಸಂದು ಕಾಣುತ್ತದೆ. ಬೆಳವಣಿಗೆ ಮುಗಿದಂತೆ ಸಂದು ಬೆಸೆದುಕೊಳ್ಳುತ್ತದೆ. ಗ್ರೂಲಿಕ್ ಮತ್ತು ಪೈಲ್ ಎಂಬ ಇಬ್ಬರು ಎಡಗೈಯ ಚಿತ್ರಗಳ ಕೋಶವನ್ನು 1950ರಲ್ಲಿ ಹೊರತಂದರು. ಬ್ರಿಟನ್ನಿನ ಟ್ಯಾನರ್ ಮತ್ತು ವೈಟ್‌ಹೌಸ್ ಪ್ರತಿ ಎಲುಬಿಗೂ ಅಂಕ ಕೊಡುವ ವಿಧಾನ ತಂದರು, ಅದರ ಮೂರನೆಯ ರೂಪವೇ 2001ರ ಟಿ.ಡಬ್ಲ್ಯು. 3. ನಮ್ಮ ಕ್ರಿಕೆಟ್ ಮಂಡಳಿ 16ರ ಒಳಗಿನ ಹುಡುಗರಿಗೆ 2012ರಿಂದ ಅದನ್ನೇ ಬಳಸುತ್ತಿದೆ. ಫಿಫಾ ತನ್ನ 17ರ ಒಳಗಿನ ವಿಶ್ವಕಪ್‌ನಲ್ಲಿ 2009ರಿಂದ ಮಣಿಕಟ್ಟಿನ ಎಂ.ಆರ್.ಐ. ತೆಗೆಸುತ್ತದೆ. ನಮ್ಮ ಕ್ರೀಡಾ ಸಚಿವಾಲಯ 2010ರಲ್ಲಿ ವಯೋವಂಚನೆಯ ವಿರುದ್ಧ ರಾಷ್ಟ್ರೀಯ ಸಂಹಿತೆ ಹೊರಡಿಸಿ ವೈದ್ಯಕೀಯ ಪರೀಕ್ಷೆಗೆ ದಾರಿ ಮಾಡಿತು.

1963ರಲ್ಲಿ ನನ್ನ ಬಲಗೈ ಹೇಳಿದ್ದನ್ನು ಈಗ ಮಕ್ಕಳ ಎಡಗೈ ಹೇಳಬೇಕಾಗಿದೆ. ಎಲುಬಿನ ಸಾಕ್ಷಿಯೂ ಪೂರ್ಣವಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಆರೋಗ್ಯವಂತ ಮಕ್ಕಳ ಎಲುಬಿನ ವಯಸ್ಸಿನಲ್ಲಿ ವರ್ಷಕ್ಕೂ ಮೀರಿದ ಅಂತರ ಇರಬಹುದು. ಆ ಚಿತ್ರಕೋಶ ಮಾಡಿದ್ದು ಅಮೆರಿಕದ ಒಹಾಯೊ ಸೀಮೆಯ ಸ್ಥಿತಿವಂತರ ಮಕ್ಕಳನ್ನು ನೋಡಿ. ಹೊಟ್ಟೆ ತುಂಬ ಉಣ್ಣದ ಮಗುವಿನ ಎಲುಬು ನಿಧಾನಕ್ಕೆ ಬಲಿಯುತ್ತದೆ. ನಮ್ಮ ಬರದ ಸೀಮೆಯ ಮಕ್ಕಳನ್ನು ಆ ಚಿತ್ರಗಳ ಪಕ್ಕದಲ್ಲಿಟ್ಟು ನೋಡುವಾಗ ಈ ಮಾತನ್ನು ಮರೆಯಬಾರದು. ಎಲುಬು ಸುಳಿವು ಕೊಡುತ್ತದೆ, ಹುಟ್ಟಿದ ದಿನವನ್ನು ಹೇಳುವುದಿಲ್ಲ. ಆ ದಿನವನ್ನು ಹೇಳಬಲ್ಲದ್ದು ಅದೇ ದಿನ ಬರೆದಿಟ್ಟ ಕಾಗದ ಮಾತ್ರ.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟಾಗ ಈ ವಿಷಯವನ್ನೇ ಎತ್ತಿಕೊಂಡರು. ವಯಸ್ಸು ಮರೆಮಾಚುವುದು ವಿಷದಂಥದ್ದು, ಅದು ಅಪ್ರಾಮಾಣಿಕತೆಯನ್ನೇ ಕಲಿಸುತ್ತದೆ ಎಂಬುದು ಅವರ ಮಾತಿನ ತಿರುಳು. ಓದಿದಾಗ ನನಗೆ 1991ರ ಸಹಿ ನೆನಪಾಯಿತು. ಆ ದಿನ ನಮ್ಮ ಹುಡುಗ ನನ್ನಿಂದ ಕಲಿತದ್ದು ಕಬಡ್ಡಿಯ ಹಿಡಿತವನ್ನಷ್ಟೇ ಅಲ್ಲ.

ಈಗ ಕಾಲ ಸುಧಾರಿಸಿದೆ. ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. 1969ರ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಿಂದ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟುವ ಮಕ್ಕಳಿಗೆ ಶಾಲೆ ಸೇರುವಾಗ ಜನನ ಪ್ರಮಾಣಪತ್ರವೇ ವಯಸ್ಸಿನ ಆಧಾರ. ಆ ಮಕ್ಕಳು ಹೋಬಳಿ ಮೈದಾನಕ್ಕೆ ಬರುವ ಹೊತ್ತಿಗೆ ಜೂನ್ 1ರ ಸಂತತಿ ಮುಗಿದಿರಬೇಕು. ಅಲ್ಲಿಯವರೆಗಿನ ಮಕ್ಕಳು ಇನ್ನೂ ನಮ್ಮ ಕೈಯಲ್ಲೇ ಇದ್ದಾರೆ.

ಈಗ ಆ ಕುರ್ಚಿಯಲ್ಲಿ ಕೂತಿರುವ ದೈಹಿಕ ಶಿಕ್ಷಕರಿಗೆ, ಹೆಡ್‌ಮಾಸ್ಟರುಗಳಿಗೆ ನನ್ನದೊಂದು ಕೋರಿಕೆ. ಅರ್ಹತಾ ಪತ್ರ ತುಂಬುವಾಗ ನಿಮ್ಮ ಮುಂದೆ ನಿಂತಿರುವುದು ಒಂದು ಮಗು. ನೀವು ನೋಡದ ಇನ್ನೊಂದು ಮಗು ಬೇರೆ ಯಾವುದೋ ಊರಿನಲ್ಲಿ, ಬರಿಗಾಲಲ್ಲಿ, ಅದೇ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದೆ. ವಯಸ್ಸಿನ ನಿಯಮ ಇರುವುದು ಆ ಎರಡನೆಯ ಮಗುವಿಗಾಗಿ. ಪುಸ್ತಕದಲ್ಲಿ ತಪ್ಪು ಕಂಡರೆ ಮಗು ಐದನೆಯ ತರಗತಿಯಲ್ಲಿರುವಾಗಲೇ ತಂದೆತಾಯಿಯನ್ನು ಕರೆಸಿ, ಕಾನೂನು ಹೇಳುವ ದಾರಿಯಲ್ಲಿ ತಿದ್ದಿಸಿ. ಫಾರಂ ಸುಳ್ಳೆಂದು ಗೊತ್ತಿದ್ದರೆ ಸಹಿ ಮಾಡಬೇಡಿ. ಕಪ್ ಬರದಿದ್ದರೆ ಶಾಲೆಗೆ ಏನೂ ಕೊರತೆಯಾಗುವುದಿಲ್ಲ.