ಯಂತ್ರದ ಬರಹ ಮತ್ತು ಅದರ ಪಡಿಯಚ್ಚು

ಸೊರಬ, ಸಾಗರ, ತೀರ್ಥಹಳ್ಳಿ ಮತ್ತು ಅಂದಿನ ನಗರ, ಎಂದರೆ ಇಂದಿನ ಹೊಸನಗರ, ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟವಾಗಿ ಪ್ರಕಟಿಸಿದರು. ಕಲ್ಲನ್ನು ಕದಲಿಸದೆ ಅದರ ಬರಹವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಪಡಿಯಚ್ಚಿನ ಕ್ರಮ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅಚ್ಚು ಕೆಟ್ಟರೆ ಪಾಠವೂ ಕೆಡುತ್ತದೆ. ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇದೇ ಸಮಸ್ಯೆ ಬೇರೊಂದು ರೂಪದಲ್ಲಿ ತಲೆದೋರಿತೆಂಬುದು ವಿಚಾರಾರ್ಹ.

1971ರಲ್ಲಿ ಇಂಟೆಲ್ ಸಂಸ್ಥೆಯ 4004 ಬಂದ ತರುವಾಯ ಇಡೀ ಸಂಸ್ಕಾರಕವೇ ಒಂದು ಚಿಪ್ಪಿನೊಳಗೆ ಅಡಗಿತು. ಆಸಿಲೋಸ್ಕೋಪು ಕೆಲವೇ ತಂತಿಗಳ ಅಲೆಯ ಆಕಾರವನ್ನು ತೋರಿಸಬಲ್ಲುದಾಗಿತ್ತು. ಅನೇಕ ತಂತಿಗಳಲ್ಲಿ ಏಕಕಾಲಕ್ಕೆ ಹರಿಯುವ ಸೊನ್ನೆ-ಒಂದುಗಳ ಅನುಕ್ರಮವನ್ನು ಹಿಡಿದಿಡಲಾರದಾಗಿತ್ತು. ಈ ಕೊರತೆಯನ್ನು ನೀಗಲು ಹುಟ್ಟಿದುದೇ ಲಾಜಿಕ್ ಅನಲೈಜರ್. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ 1973ರಲ್ಲಿ ತನ್ನ 5000ಎ ಎಂಬ ಉಪಕರಣವನ್ನು ಹೊರತಂದಿತು. ದೋಷ ಕಾಣಿಸಿಕೊಂಡ ಗಳಿಗೆಯನ್ನು ಮಾತ್ರವಲ್ಲದೆ ಅದಕ್ಕೆ ಮುಂಚೆ ನಡೆದುದನ್ನೂ ನೆನಪಿನಲ್ಲಿರಿಸಿ ತೋರಿಸುವುದು ಈ ಜಾತಿಯ ಉಪಕರಣದ ವೈಶಿಷ್ಟ್ಯ.

ಹೊಸ ವಿನ್ಯಾಸವನ್ನು ಸಿಲಿಕಾನಿನಲ್ಲಿ ತಯಾರಿಸುವ ಮೊದಲು ಪುನಃ ಜೋಡಿಸಬಲ್ಲ ಚಿಪ್ಪುಗಳ ಮೇಲೆ ನಡೆಸಿನೋಡುವ ಕ್ರಮಕ್ಕೆ ಎಮ್ಯುಲೇಷನ್ ಎನ್ನುತ್ತಾರೆ. ಇದರ ಮಹತ್ವ ಅಲ್ಪವಲ್ಲ. 1994ರಲ್ಲಿ ಪೆಂಟಿಯಂ ಚಿಪ್ಪಿನ ಭಾಗಾಕಾರದ ದೋಷ ಮಾರಾಟವಾದ ಮೇಲೆ ಬಯಲಾಗಿ, ಇಂಟೆಲ್ ಸಂಸ್ಥೆ 47.5 ಕೋಟಿ ಡಾಲರುಗಳ ಹೊರೆಯನ್ನು ಹೊರಬೇಕಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದಂದಿನಿಂದ ಚಿಪ್ಪುಗಳ ವಿನ್ಯಾಸ ಮತ್ತು ಪರೀಕ್ಷೆ ಕನ್ನಡನಾಡಿನಲ್ಲಿಯೂ ಬೆಳೆದುಬಂದಿದೆ.

ಎಮ್ಯುಲೇಷನ್ ಯಂತ್ರಕ್ಕೆ ಹೊರಗಿನ ಅನಲೈಜರನ್ನು ಅಳವಡಿಸುವಾಗ ಮುಖ್ಯವಾಗಿ ನಾಲ್ಕು ನಿರ್ಣಯಗಳನ್ನು ಕೈಗೊಳ್ಳಬೇಕು. ಮೊದಲನೆಯದು, ಎಷ್ಟು ವೋಲ್ಟಿಗೆ ಮೇಲ್ಪಟ್ಟುದನ್ನು ‘ಒಂದು’ ಎಂದೆಣಿಸಬೇಕೆಂಬ ಮಿತಿ. 3.3 ವೋಲ್ಟಿನ ಮಂಡಲಕ್ಕೆ ಇದನ್ನು ಸಾಮಾನ್ಯವಾಗಿ ಅದರ ಅರ್ಧದಷ್ಟಕ್ಕೆ ಇಡುತ್ತಾರೆ. ಎರಡನೆಯದು ಕಾಲಮಾನ: ಪರೀಕ್ಷೆಗೊಳಗಾದ ಯಂತ್ರದ ಕ್ಲಾಕನ್ನೇ ಅನುಸರಿಸಿದರೆ ಸ್ಥಿತಿಗಳ ಅನುಕ್ರಮ ದೊರೆಯುತ್ತದೆ, ಅನಲೈಜರಿನ ಸ್ವಂತ ಕ್ಲಾಕನ್ನು ಅದಕ್ಕಿಂತ ಬಹಳ ವೇಗವಾಗಿ ನಡೆಸಿದರೆ ಸಂಕೇತಗಳ ನಡುವಣ ಕಾಲಾಂತರ ದೊರೆಯುತ್ತದೆ. ಮೂರನೆಯದು ಟ್ರಿಗರ್: ನೆನಪಿನ ಸ್ಥಳ ಮಿತವಾದುದರಿಂದ ಯಾವ ಘಟನೆಯ ಸುತ್ತಣ ದಾಖಲೆಯನ್ನು ಉಳಿಸಬೇಕೆಂಬುದನ್ನು ಮುಂಚೆಯೇ ಗೊತ್ತುಪಡಿಸಬೇಕು. ನಾಲ್ಕನೆಯದು, ಒಳಗಿನ ಯಾವ ಸಂಕೇತಗಳನ್ನು ಹೊರಪಿನ್ನುಗಳಿಗೆ ತರಬೇಕು, ಅವಕ್ಕೆ ಯಾವ ಹೆಸರು, ಯಾವ ಕ್ರಮ ಎಂಬುದು. ಎರಡು ತಂತಿಗಳು ಅದಲುಬದಲಾದರೂ ಸರಿಯಾದ ಯಂತ್ರ ತಪ್ಪುಗಾರನಂತೆ ತೋರುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಈ ಸಾಕ್ಷ್ಯಕ್ಕೆ ಒಂದು ಎಲ್ಲೆಯಿದೆ. ಪ್ರತಿರೂಪಯಂತ್ರ ಸಾಮಾನ್ಯವಾಗಿ ನಿಜವಾದ ಚಿಪ್ಪಿಗಿಂತ ನಿಧಾನ. ಆದುದರಿಂದ ತರ್ಕದ ದೋಷ ಇಲ್ಲಿ ಕಂಡೀತು, ವೇಗದಿಂದ ಮಾತ್ರ ಹುಟ್ಟುವ ದೋಷ ಕಾಣದೆ ಹೋದೀತು.

ಲಾಜಿಕ್ ಅನಲೈಜರಿನ ಮುಂದೆ ಕುಳಿತವನು ಯಂತ್ರವನ್ನು ನೇರವಾಗಿ ನೋಡುತ್ತಿಲ್ಲ. ತಾನೇ ಆರಿಸಿಕೊಂಡ ಆಧಾರಗಳನ್ನು ಓದುತ್ತಿದ್ದಾನೆ. ಮೂಲದ ದೋಷವನ್ನೂ ಪ್ರತಿಯ ದೋಷವನ್ನೂ ಬೇರ್ಪಡಿಸಿದ ಮೇಲೆಯೇ ತೀರ್ಮಾನ ಹೇಳಬೇಕೆಂಬ ನಿಯಮ ಶಾಸನತಜ್ಞನಿಗೆ ಹೇಗೋ ಅವನಿಗೂ ಹಾಗೆಯೇ ಅನ್ವಯಿಸುತ್ತದೆ.