ಹಳೇ ಸಿನಿಮಾ ಚಿನ್ನ ಅಂತೀರಲ್ಲ, ಡಬ್ಬ ಎಲ್ಲಿದೆ?

ಸಿನಿಮಾ ಬಗ್ಗೆ ಚರ್ಚೆ ಇಟ್ಟರೆ ಸಾಕು, ಹತ್ತೇ ನಿಮಿಷದಲ್ಲಿ ಸ್ಟುಡಿಯೋ ಎರಡು ಪಕ್ಷ ಆಗುತ್ತೆ. ‘ಅಣ್ಣಾವ್ರ ಕಾಲಕ್ಕೇ ಮುಗೀತು ಸ್ವಾಮಿ, ಈಗಿನದು ಬರೀ ಕತ್ತಲು, ರಕ್ತ, ಬಿಲ್ಡಪ್ಪು’ ಅನ್ನುತ್ತೆ ಒಂದು ಪಕ್ಷ. ‘ಕೆಜಿಎಫ್ ಬರೋ ತನಕ ನಮ್ಮನ್ನ ಕೇಳೋರು ಯಾರಿದ್ರು?’ ಅನ್ನುತ್ತೆ ಇನ್ನೊಂದು. ನಾನೂ ಸಿನಿಮಾ ಹುಚ್ಚಿನವನೇ. ಇಬ್ಬರಿಗೂ ನನ್ನದು ಒಂದೇ ಪ್ರಶ್ನೆ: ತೆರೆ ಕಂಡ ಮೊದಲ ಕನ್ನಡ ಟಾಕಿ ನೋಡಿದ್ದೀರಾ?

ನೋಡಿರೋಕೆ ಸಾಧ್ಯವಿಲ್ಲ. ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ನಿರ್ದೇಶನ ವೈ.ವಿ. ರಾವ್ ಅವರದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನ, ಆರ್. ನಾಗೇಂದ್ರರಾಯರು ರಾವಣ. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಇಷ್ಟೆಲ್ಲ ನಮಗೆ ಗೊತ್ತು. ಸಿನಿಮಾ ಮಾತ್ರ ಇಲ್ಲ. ಒಂದು ಪ್ರತಿಯೂ ಉಳಿದಿಲ್ಲ.

ಹೇಗೆ ಹೋಯಿತು ಇಂಥ ಆಸ್ತಿ? ಆ ಕಾಲದ ಸಿನಿಮಾಗಳು ಇದ್ದದ್ದು ನೈಟ್ರೇಟ್ ಫಿಲ್ಮಿನಲ್ಲಿ. ಅದಕ್ಕೆ ಬೆಂಕಿ ಹತ್ತಿದರೆ ನೀರು ಸುರಿದರೂ ಆರಲ್ಲ. ಕಪ್ಪು-ಬಿಳುಪು ಫಿಲ್ಮಿನ ಲೇಪನದಲ್ಲಿ ಬೆಳ್ಳಿ ಬೇರೆ ಇರುತ್ತೆ. ಓಡಿ ಸವೆದ ಪ್ರತಿಗಳು ಆ ಬೆಳ್ಳಿಗಾಗಿಯೇ ಗುಜರಿ ಸೇರಿದವು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಸೆಖೆಗೆ, ತೇವಕ್ಕೆ ಕೊಳೆಯುತ್ತೆ. ಡಬ್ಬ ತೆಗೆದರೆ ವಿನೆಗರ್ ವಾಸನೆ ಹೊಡೆಯುತ್ತೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದು 1964ರಲ್ಲಿ. ಅಷ್ಟರಲ್ಲಿ ‘ಸತಿ ಸುಲೋಚನ’ ಬಂದು 30 ವರ್ಷ ಕಳೆದಿತ್ತು.

ಈಗ ನಮ್ಮ ಜಗಳಕ್ಕೆ ಬನ್ನಿ. ‘ಹಳೇ ಸಿನಿಮಾ’ ಅಂದಾಗ ನಮ್ಮ ತಲೆಗೆ ಬರೋದು ಯಾವುದು? 1972ರ ‘ಬಂಗಾರದ ಮನುಷ್ಯ’. ಅದೇ ವರ್ಷದ ‘ನಾಗರಹಾವು’. ಅವು ಕಾಲದ ಜರಡಿಯಲ್ಲಿ ಉಳಿದ ಕಾಳು. ಜೊಳ್ಳು ಆಗಲೂ ಇತ್ತು, ಹಾರಿ ಹೋಗಿದೆ ಅಷ್ಟೆ. ಆ ಆಯ್ದ ಕಾಳನ್ನು ಕಳೆದ ಶುಕ್ರವಾರ ಬಿದ್ದುಹೋದ ಚಿತ್ರದ ಪಕ್ಕ ಇಟ್ಟು ತೂಗೋದು ಯಾವ ನ್ಯಾಯ? ಇನ್ನು, ಕನ್ನಡ ಸಿನಿಮಾ ಹುಟ್ಟಿದ್ದೇ 2018ರಲ್ಲಿ ಅನ್ನೋ ಹುಡುಗರಿಗೂ ಒಂದು ಮಾತು. 1970ರಲ್ಲಿ ‘ಸಂಸ್ಕಾರ’ ಸೆನ್ಸಾರ್ ತಡೆಯನ್ನು ಗೆದ್ದು ಬಂದು, ಇಡೀ ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ನಮ್ಮನ್ನ ಕೇಳೋರು ಆಗಲೂ ಇದ್ರು.

ಉಳಿಸೋಕೆ ಆಗುತ್ತಾ? ಆಗುತ್ತೆ. ಯು.ಆರ್. ಅನಂತಮೂರ್ತಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ಮೊದಲ ಚಿತ್ರ ‘ಘಟಶ್ರಾದ್ಧ’, 1977ರದು. ಪುಣೆಯ ಸಂಗ್ರಹಾಲಯದಲ್ಲಿ ಅದರ ಮೂಲ ನೆಗೆಟಿವ್ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಸಂಸ್ಥೆ ಸೇರಿ ಅದಕ್ಕೆ ಮರುಜೀವ ಕೊಟ್ಟವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವೂ ಆಯಿತು. ಸಂತೋಷವೇ. ಆದರೆ ಮಲೆನಾಡಿನ ಒಬ್ಬ ವಿಧವೆಯ ಕಥೆ ಉಳಿಸೋಕೆ ಸಾಗರದಾಚೆಯ ಕೈ ಬೇಕಾಯಿತಲ್ಲ, ಅದು ನಮ್ಮನ್ನು ಚುಚ್ಚಬೇಡವೇ?

ಈಗ ಎಲ್ಲ ಡಿಜಿಟಲ್, ಇನ್ನೇನು ಭಯ ಅಂತೀರಾ? ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ ಕೇಳಿ: ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿ ಇಟ್ಟು ಮರೆತರೆ ಅದೂ ಒಂದು ದಿನ ಕೈ ಕೊಡುತ್ತೆ. ಕೆಲವೇ ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಬೇಕು, ಬೇರೆ ಬೇರೆ ಊರಲ್ಲಿ ಪ್ರತಿ ಇಡಬೇಕು. ‘ಕಾಂತಾರ’ದಂಥ ದೊಡ್ಡ ಚಿತ್ರಕ್ಕೆ ಕಾವಲುಗಾರರು ಸಿಗಬಹುದು. ಸಾಲ ಮಾಡಿ ಒಂದೇ ಸಿನಿಮಾ ತೆಗೆದ ನಿರ್ಮಾಪಕನ ಚಿತ್ರಕ್ಕೆ ಯಾರು ಗತಿ?

ನನ್ನ ಬೇಡಿಕೆ ಸಣ್ಣದು. ಸರ್ಕಾರದ ಸಬ್ಸಿಡಿ, ಅಂದರೆ ನಿಮ್ಮ ತೆರಿಗೆ ದುಡ್ಡು, ಪಡೆದ ಪ್ರತಿಯೊಂದು ಚಿತ್ರದ ಒಳ್ಳೇ ಪ್ರತಿ ಕರ್ನಾಟಕದಲ್ಲೇ ಭದ್ರವಾಗಿರಲಿ. ಅದನ್ನು ನೋಡಿಕೊಳ್ಳೋಕೆ ಜನ, ದುಡ್ಡು ಎರಡೂ ಇರಲಿ. ಹಳೇದು ಮೇಲೋ ಹೊಸದು ಮೇಲೋ ಅಂತ ನಮ್ಮ ಮೊಮ್ಮಕ್ಕಳೂ ಜಗಳ ಆಡಲಿ ವೀಕ್ಷಕರೇ. ಆದರೆ ಎರಡನ್ನೂ ನೋಡಿ ಆಡಲಿ.