ಗ್ರೀನ್ ಡೇಸ್ ಬೈ ದ ರಿವರ್
ಟ್ರಿನಿಡಾಡ್‌ನ ಲೇಖಕ ಮೈಕೆಲ್ ಆಂಟನಿಯ ಕಾದಂಬರಿ (1967). ಕೆರಿಬಿಯನ್ ಶಾಲೆಗಳಲ್ಲಿ ಪಠ್ಯವಾಗಿ ಓದಿಸಲಾಗಿದೆ. ಕಥೆ ನಡೆಯುವುದು ಮಾಯಾರೋ ಎಂಬ ಕರಾವಳಿ ಊರಿನಲ್ಲಿ. ನಿರೂಪಕ ಹದಿಹರೆಯದ ಶೆಲ್, ತಂದೆ ಕಾಯಿಲೆಯವನು. ಭಾರತೀಯ ಮೂಲದ ರೈತ ಗಿಧಾರಿ ಹುಡುಗನನ್ನು ತೋಟಕ್ಕೆ ಕರೆದೊಯ್ದು ಅಕ್ಕರೆ ತೋರುತ್ತಾನೆ. ಅವನ ಮಗಳು ರೊಸಾಲಿಯೊಂದಿಗೆ ಸಲುಗೆ ಬೆಳೆಸಿದ ಶೆಲ್‌ನ ಮನಸ್ಸು ಜೋನ್ ಎಂಬ ಮತ್ತೊಬ್ಬ ಹುಡುಗಿಯತ್ತಲೂ ವಾಲುತ್ತದೆ. ಆಗ ಗಿಧಾರಿ ತನ್ನ ನಾಯಿಗಳನ್ನು ಶೆಲ್‌ನ ಮೇಲೆ ಛೂಬಿಡುತ್ತಾನೆ. ರೊಸಾಲಿಯನ್ನು ಮದುವೆಯಾಗದೆ ಹುಡುಗನಿಗೆ ದಾರಿಯಿಲ್ಲ.

ಪಾತ್ರರಚನೆಯಲ್ಲಿ ಗಿಧಾರಿಯದೇ ಮೇಲುಗೈ: ಅವನ ವಾತ್ಸಲ್ಯವೂ ನಿಜ, ಕ್ರೌರ್ಯವೂ ನಿಜ. ಆ ನಾಯಿಗಳು ಕಥೆಯ ಆರಂಭದಿಂದಲೂ ಅವನ ಜೊತೆಗೇ ಇರುತ್ತವೆ. ಮುನ್ಸೂಚನೆಯ ತಂತ್ರವನ್ನು ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಅಪರೂಪ. ಉತ್ತಮಪುರುಷ ನಿರೂಪಣೆಯಿಂದಾಗಿ, ಶೆಲ್‌ಗೆ ಹೊಳೆಯದ ಅಪಾಯ ಓದುಗನಿಗೆ ಮೊದಲೇ ಕಾಣುತ್ತದೆ.